ಸ್ಕ್ಯಾನ್ ಮಾಡುವ ಮೊದಲು ಕಡತ ಕಟ್ಟುವುದನ್ನು ಕಲಿಸಿ

ಮಾನ್ಯ ಸಂಪಾದಕರೇ,

ತಾಲ್ಲೂಕು ಕಚೇರಿಗಳ ಅಭಿಲೇಖಾಲಯಗಳಲ್ಲಿರುವ, ಅಂದರೆ ರೆಕಾರ್ಡ್ ರೂಮುಗಳಲ್ಲಿರುವ, ಹಳೆಯ ಭೂದಾಖಲೆಗಳನ್ನು ಸ್ಕ್ಯಾನ್ ಮಾಡಿ ಗಣಕೀಕರಿಸುವ ಭೂ ಸುರಕ್ಷಾ ಯೋಜನೆಯ ಬಗ್ಗೆ 2024ರಿಂದೀಚೆಗೆ ಪತ್ರಿಕೆಗಳಲ್ಲಿ ವರದಿಗಳು ಬರುತ್ತಲೇ ಇವೆ. ಕಂದಾಯ ಇಲಾಖೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದು, ಅದರಲ್ಲಿ ಆರು ವರ್ಷಗಳನ್ನು ಅಭಿಲೇಖಾಲಯದಲ್ಲೇ ಕಳೆದು ನಿವೃತ್ತನಾದ ನನಗೆ ಈ ಯೋಜನೆ ಮನಸಾರೆ ಸಂತೋಷ ತಂದಿದೆ. ಗೆದ್ದಲು ಹಿಡಿದ ಗಂಟುಗಳನ್ನು ಬಿಚ್ಚಿ, ಮುಟ್ಟಿದರೆ ಪುಡಿಯಾಗುವ ಹಾಳೆಗಳನ್ನು ಉಸಿರು ಬಿಗಿಹಿಡಿದು ತಿರುವಿದವರಿಗೆ ಈ ಕೆಲಸದ ಬೆಲೆ ಗೊತ್ತು. ಆದರೆ ಈ ಉತ್ಸಾಹದ ನಡುವೆ ಯಾರೂ ಎತ್ತದ ಒಂದು ವಿಷಯವನ್ನು ನಿಮ್ಮ ಪತ್ರಿಕೆಯ ಮೂಲಕ ಸರ್ಕಾರದ ಮತ್ತು ಓದುಗರ ಗಮನಕ್ಕೆ ತರಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ. ದಾಖಲೆಗಳ ನಿರ್ವಹಣೆ ಎಂಬುದು ಕ್ರಮವಾಗಿ ಕಲಿತು ಮಾಡಬೇಕಾದ ವಿದ್ಯೆ. ಅದನ್ನು ನಮ್ಮ ಕಚೇರಿಗಳ ನೌಕರರಿಗೆ ಕಲಿಸದೆ ಯಂತ್ರಗಳನ್ನು ಮಾತ್ರ ತಂದಿಟ್ಟರೆ, ಕಾಗದದ ರಾಶಿಯಾಗಿದ್ದದ್ದು ಕಂಪ್ಯೂಟರಿನಲ್ಲಿ ಚಿತ್ರಗಳ ರಾಶಿಯಾಗುತ್ತದೆ, ಅಷ್ಟೆ.

ನಾನು ಪ್ರಥಮ ದರ್ಜೆ ಸಹಾಯಕನಾಗಿದ್ದಾಗ ನನ್ನನ್ನು ಅಭಿಲೇಖಾಲಯಕ್ಕೆ ಹಾಕಿದರು. ಸಹೋದ್ಯೋಗಿಗಳು ಸಾಂತ್ವನ ಹೇಳಿದರು. ಏಕೆಂದರೆ ಅಂದಿಗೂ ಇಂದಿಗೂ ರೆಕಾರ್ಡ್ ರೂಮಿನ ಕೆಲಸ ಎಂದರೆ ಶಿಕ್ಷೆ ಎಂದೇ ಕಚೇರಿಗಳಲ್ಲಿ ಭಾವಿಸುತ್ತಾರೆ. ಕಾಯಿಲೆಯವರನ್ನು, ನಿವೃತ್ತಿಯ ಅಂಚಿನಲ್ಲಿರುವವರನ್ನು, ಮೇಲಧಿಕಾರಿಗಳಿಗೆ ಬೇಡವಾದವರನ್ನು ಅಲ್ಲಿಗೆ ಕಳುಹಿಸುವುದು ವಾಡಿಕೆ. ನನಗೆ ಪ್ರಭಾರ ವಹಿಸಿಕೊಟ್ಟವರು ಒಂದು ಬೀಗದ ಕೈಯನ್ನು ಮಾತ್ರ ಕೊಟ್ಟರು. ಒಳಗೆ ಎಷ್ಟು ಕಡತಗಳಿವೆ, ಯಾವುವು ಹೊರಗೆ ಹೋಗಿವೆ ಎಂಬ ಪಟ್ಟಿ ಇರಲಿಲ್ಲ. ನೌಕರಿಗೆ ಸೇರಿದಾಗ ನಾನು ಪಡೆದ ಬುನಾದಿ ತರಬೇತಿಯಲ್ಲಿ ಈ ವಿಷಯಕ್ಕೆ ಅರ್ಧ ದಿನ ಸಿಕ್ಕಿತ್ತು, ಅದೂ ಕಪ್ಪು ಹಲಗೆಯ ಮೇಲೆ. ನಿಜವಾದ ಪಾಠ ಹೇಳಿಕೊಟ್ಟವರು ಅಲ್ಲಿ ಇಪ್ಪತ್ತು ವರ್ಷ ಕಡತ ಹೊತ್ತಿದ್ದ ಒಬ್ಬ ಹಿರಿಯ ಅಟೆಂಡರ್. ಯಾವ ಸಾಲಿನ ಯಾವ ಅಟ್ಟಣಿಗೆಯಲ್ಲಿ ಯಾವ ಹೋಬಳಿಯ ಗಂಟಿದೆ ಎಂಬುದು ಅವರ ತಲೆಯಲ್ಲಿತ್ತು. ಅವರು ನಿವೃತ್ತರಾದ ದಿನ ಆ ಕೋಣೆಯ ಅನುಕ್ರಮಣಿಕೆಯೂ ಅವರ ಜೊತೆ ಮನೆಗೆ ಹೋಯಿತು ಎಂದರೆ ತಪ್ಪಾಗಲಾರದು.

ಇದರಿಂದ ಜನರಿಗಾಗುವ ನಷ್ಟವನ್ನು ಒಂದು ಪ್ರಸಂಗದ ಮೂಲಕ ಹೇಳುತ್ತೇನೆ. ಮಲೆನಾಡಿನ ಅಂಚಿನ ಒಂದು ತಾಲ್ಲೂಕಿನಲ್ಲಿ ನಾನಿದ್ದಾಗ ಐವತ್ತು ದಾಟಿದ ಹೆಣ್ಣುಮಗಳೊಬ್ಬರು ತಂದೆಗೆ ಎಪ್ಪತ್ತರ ದಶಕದಲ್ಲಿ ದರಖಾಸ್ತಿನಲ್ಲಿ (ಅರ್ಜಿಯ ಮೇಲೆ ಸರ್ಕಾರಿ ಜಮೀನು ಕೊಡುವ ಕ್ರಮ) ಮಂಜೂರಾಗಿದ್ದ ಜಮೀನಿನ ಪೋಡಿಗಾಗಿ, ಅಂದರೆ ಅದನ್ನು ಅಳೆದು ಪ್ರತ್ಯೇಕ ನಂಬರು ಕೊಡುವುದಕ್ಕಾಗಿ, ಅರ್ಜಿ ಕೊಟ್ಟಿದ್ದರು. ಅವರ ಕೈಯಲ್ಲಿ ಮಂಜೂರಾತಿಗೆ ಕೊಡುವ ಸಾಗುವಳಿ ಚೀಟಿ ಇತ್ತು, ಪಹಣಿಯಲ್ಲಿ ತಂದೆಯ ಹೆಸರಿತ್ತು. ಮೂಲ ಮಂಜೂರಾತಿ ಕಡತ ಮಾತ್ರ ಸಿಗಲಿಲ್ಲ. ಅದಿಲ್ಲದೆ ಅಳತೆಯಾಗದು, ಅಳತೆಯಾಗದೆ ಪೋಡಿಯಾಗದು, ಪೋಡಿಯಾಗದೆ ಅಣ್ಣತಮ್ಮಂದಿರ ನಡುವೆ ಪಾಲಾಗದು. ಕಚೇರಿಯಿಂದ ‘ಕಡತ ಲಭ್ಯವಿಲ್ಲ’ ಎಂಬ ಹಿಂಬರಹ ಹೋಯಿತು. ಆ ಹಿಂಬರಹದ ಕರಡು ಬರೆದವನು ನಾನೇ. ಅದನ್ನು ಹಿಡಿದು ಮತ್ತೆ ಬಂದ ಆಕೆ, “ಸ್ವಾಮಿ, ನಮ್ಮಪ್ಪನ ಕಾಗ್ದ ನಿಮ್ಮ ಕೋಣೇಲೇ ಐತೆ ಅಂತಾರೆ. ನಿಮ್ಗೇ ಸಿಗಲ್ಲ ಅಂದ್ರೆ ನಂಗೆ ಇನ್ಯಾರು ಹುಡುಕ್ಕೊಡ್ತಾರೆ?” ಎಂದು ಕೇಳಿದರು. ಹನ್ನೊಂದು ತಿಂಗಳ ನಂತರ, ಬೇರಾವುದೋ ಕಡತ ಹುಡುಕುವಾಗ, ಅದು ಸಿಕ್ಕಿತು. ಊರಿನ ಹೆಸರು ಹೊಸಹಳ್ಳಿ. ಆ ಹೆಸರಿನ ಹಳ್ಳಿಗಳು ತಾಲ್ಲೂಕಿನಲ್ಲಿ ಮೂರಿದ್ದವು. ಎಂದೋ ಯಾರೋ ಗಂಟು ಕಟ್ಟುವಾಗ ಹೋಬಳಿಯ ಹೆಸರು ಬರೆಯದೆ ಊರಿನ ಹೆಸರನ್ನಷ್ಟೇ ಬರೆದು, ಒಂದು ಹೊಸಹಳ್ಳಿಯ ಕಡತವನ್ನು ಇನ್ನೊಂದು ಹೊಸಹಳ್ಳಿಯ ಗಂಟಿನಲ್ಲಿ ಸೇರಿಸಿದ್ದರು. ಕಡತ ಕಳೆದಿರಲಿಲ್ಲ, ಕದ್ದಿರಲಿಲ್ಲ, ಇಲಿ ತಿಂದಿರಲಿಲ್ಲ. ಒಂದು ಪದ ಬರೆಯದಿದ್ದುದಕ್ಕೆ ಒಂದು ಕುಟುಂಬ ಸುಮಾರು ಒಂದು ವರ್ಷ ಅಲೆಯಿತು.

ಆ ಕಡತ ಕೈಗೆ ಬಂದ ದಿನದಿಂದ ನಾನು ಈ ವಿದ್ಯೆಯನ್ನು ಓದಿ ಕಲಿಯಲು ತೊಡಗಿದೆ. ಇಲಾಖೆಯ ಅನುಮತಿ ಪಡೆದು ದೆಹಲಿಯ ರಾಷ್ಟ್ರೀಯ ಪತ್ರಾಗಾರದ ಸ್ಕೂಲ್ ಆಫ್ ಆರ್ಕೈವಲ್ ಸ್ಟಡೀಸ್‌ನಲ್ಲಿ ಅಲ್ಪಾವಧಿಯ ತರಬೇತಿಯನ್ನೂ ಪಡೆದೆ. ಒಂದು ವರ್ಷದ ಡಿಪ್ಲೊಮಾದ ಜೊತೆಗೆ ದಾಖಲೆ ನಿರ್ವಹಣೆ, ಹರಿದ ಕಾಗದದ ದುರಸ್ತಿ ಮೊದಲಾದವುಗಳಿಗೆ ಕೆಲವೇ ವಾರಗಳ ತರಗತಿಗಳನ್ನೂ ಅಲ್ಲಿ ನಡೆಸುತ್ತಾರೆ ಎಂಬುದು ನಮ್ಮ ಕಚೇರಿಗಳಲ್ಲಿ ಎಷ್ಟು ಜನರಿಗೆ ಗೊತ್ತಿದೆಯೋ! ಅಲ್ಲಿ ನನಗೆ ಮೊದಲು ಮನದಟ್ಟಾದ ಸಂಗತಿ ಎಂದರೆ, ಕಡತ ಅಭಿಲೇಖಾಲಯಕ್ಕೆ ಬಂದ ಮೇಲೆ ಅದರ ನಿರ್ವಹಣೆ ಶುರುವಾಗುವುದಿಲ್ಲ. ಟಪಾಲಿನಲ್ಲಿ ಕಾಗದ ಬಂದು ಸ್ವೀಕೃತಿ ವಹಿಯಲ್ಲಿ ದಾಖಲಾದ ಕ್ಷಣವೇ ಅದು ಶುರುವಾಗುತ್ತದೆ. ಆ ಕಾಗದಕ್ಕೆ ಯಾವ ವಿಷಯ ಶೀರ್ಷಿಕೆ ಕೊಟ್ಟರು, ಯಾವ ಸಂಖ್ಯೆಯ ಕಡತದಲ್ಲಿ ಸೇರಿಸಿದರು, ಟಿಪ್ಪಣಿ ಹಾಳೆಯ ಕಂಡಿಕೆಗಳಿಗೂ ಪತ್ರ ವ್ಯವಹಾರದ ಪುಟಗಳಿಗೂ ಸಂಖ್ಯೆ ಹಾಕಿದರೇ ಇಲ್ಲವೇ ಎಂಬುದರ ಮೇಲೆ ಮೂವತ್ತು ವರ್ಷದ ನಂತರ ಅದು ಸಿಗುವುದೂ ಬಿಡುವುದೂ ನಿಂತಿದೆ. ‘ಜಮೀನಿನ ಬಗ್ಗೆ’ ಎಂದು ಶೀರ್ಷಿಕೆ ಬರೆದು ಮುಚ್ಚಿದ ಕಡತಗಳನ್ನು ನಾನು ನೂರಾರು ನೋಡಿದ್ದೇನೆ. ಕಂದಾಯ ಇಲಾಖೆಯಲ್ಲಿ ಯಾವ ಕಡತ ತಾನೇ ಜಮೀನಿನ ಬಗ್ಗೆ ಇರುವುದಿಲ್ಲ? ಹೋಬಳಿ, ಗ್ರಾಮ, ಸರ್ವೆ ನಂಬರು, ವ್ಯವಹಾರದ ಸ್ವರೂಪ, ವರ್ಷ ಈ ಐದು ಅಂಶಗಳು ಶೀರ್ಷಿಕೆಯಲ್ಲಿದ್ದರೆ ಹುಡುಕುವ ಕೆಲಸದ ಬಹುಪಾಲು ಅಲ್ಲೇ ಮುಗಿಯುತ್ತದೆ.

ಎರಡನೆಯ ಪಾಠ, ಮುಗಿದ ಕಡತವನ್ನು ಮುಗಿಸುವುದು. ನಮ್ಮ ಕಚೇರಿ ಪದ್ಧತಿಯಲ್ಲಿ ವಿಲೇವಾರಿಯಾದ ಕಡತಗಳನ್ನು ವರ್ಗೀಕರಿಸುವ ಕ್ರಮ ಹಳೆಯ ಕಾಲದಿಂದಲೂ ಇದೆ. ‘ಎ’ ವರ್ಗದವು ಶಾಶ್ವತ, ‘ಬಿ’ ವರ್ಗದವು 30 ವರ್ಷ, ‘ಸಿ’ ವರ್ಗದವು 10 ವರ್ಷ, ಅದರ ಕೆಳಗಿನವು ಇನ್ನೂ ಕಡಿಮೆ ಅವಧಿ ಇರತಕ್ಕವು. ವಿಷಯ ನಿರ್ವಾಹಕನು (ಕಡತವನ್ನು ನಿರ್ವಹಿಸುವ ಗುಮಾಸ್ತ) ಕಡತ ಮುಕ್ತಾಯ ಮಾಡುವಾಗಲೇ ವರ್ಗವನ್ನು ಮುಖಪುಟದ ಮೇಲೆ ಬರೆದು ಅಧಿಕಾರಿಯ ಒಪ್ಪಿಗೆ ಪಡೆಯಬೇಕು. ವಾಸ್ತವದಲ್ಲಿ ನಡೆಯುವುದೇ ಬೇರೆ. ವರ್ಗಾವಣೆಯ ಆದೇಶ ಬಂದ ಮೇಲೆ ಮೇಜಿನ ಮೇಲಿದ್ದ ಎಲ್ಲವನ್ನೂ ಒಟ್ಟಿಗೆ ಕಟ್ಟಿ ರೆಕಾರ್ಡ್ ರೂಮಿಗೆ ಸಾಗಿಸುತ್ತಾರೆ. ಅದರಲ್ಲಿ ರಜೆ ಅರ್ಜಿಯೂ ಇರುತ್ತದೆ, ಭೂ ಮಂಜೂರಾತಿಯ ಆದೇಶವೂ ಇರುತ್ತದೆ. ಬೆಲೆಯಿಲ್ಲದ ನೂರು ಕಾಗದಗಳ ನಡುವೆ ಬೆಲೆಯುಳ್ಳ ಒಂದು ಕಾಗದ ಹೂತುಹೋಗುವುದು ಹೀಗೆ.

ಹಾಗೆಯೇ ನಾಶಪಡಿಸುವುದಕ್ಕೂ ವಿಧಾನವಿದೆ, ಅದನ್ನೂ ಕಲಿಯಬೇಕು. ಅವಧಿ ಮೀರಿದ ಕಡತವನ್ನು ಉಳಿಸಿಕೊಳ್ಳುವುದು ಜಾಗ್ರತೆಯ ಲಕ್ಷಣ ಎಂದು ಅನೇಕರು ತಿಳಿದಿದ್ದಾರೆ. ಅವು ಜಾಗ ತಿನ್ನುತ್ತವೆ, ಹುಳ ಸಾಕುತ್ತವೆ, ಹುಡುಕುವವರ ಕಣ್ಣು ಕಟ್ಟುತ್ತವೆ. ಇನ್ನೊಂದು ಕಡೆ, ಸ್ವಚ್ಛತಾ ಕಾರ್ಯಕ್ರಮದ ಹೆಸರಿನಲ್ಲಿ ಪಟ್ಟಿಯನ್ನೂ ಮಾಡದೆ ಗಂಟುಗಟ್ಟಲೆ ಕಾಗದವನ್ನು ರದ್ದಿಗೆ ಹಾಕಿದ್ದನ್ನೂ ನಾನು ಕಂಡಿದ್ದೇನೆ. ನಾಶಕ್ಕೆ ಮೊದಲು ಪಟ್ಟಿ ತಯಾರಿಸಬೇಕು. ನ್ಯಾಯಾಲಯದಲ್ಲಿ ದಾವೆ ಬಾಕಿ ಇದೆಯೇ, ಲೆಕ್ಕಪರಿಶೋಧನೆಯ ಆಕ್ಷೇಪಣೆ ತೀರಿದೆಯೇ, ಮಾಹಿತಿ ಹಕ್ಕಿನ ಅರ್ಜಿ ಅಥವಾ ಮೇಲ್ಮನವಿ ನಡೆಯುತ್ತಿದೆಯೇ ಎಂದು ನೋಡಬೇಕು. ಸಕ್ಷಮ ಅಧಿಕಾರಿಯ ಸಹಿ ಪಡೆಯಬೇಕು. ಇಂಥ ದಿನ ಇಂಥವರ ಸಮ್ಮುಖದಲ್ಲಿ ನಾಶಪಡಿಸಲಾಯಿತು ಎಂದು ವಹಿಯಲ್ಲಿ ಬರೆಯಬೇಕು. ಆ ವಹಿಯನ್ನು ಮಾತ್ರ ಎಂದೂ ನಾಶಪಡಿಸಬಾರದು. ಕೇಂದ್ರ ಸರ್ಕಾರದ ಕಚೇರಿಗಳಿಗೆ ಅನ್ವಯಿಸುವ 1993ರ ಸಾರ್ವಜನಿಕ ದಾಖಲೆಗಳ ಅಧಿನಿಯಮವು ನಿಯಮ ಮೀರಿ ದಾಖಲೆ ನಾಶಪಡಿಸಿದವರಿಗೆ 5 ವರ್ಷದವರೆಗೆ ಸೆರೆವಾಸವನ್ನೋ 10 ಸಾವಿರ ರೂಪಾಯಿವರೆಗೆ ದಂಡವನ್ನೋ ಎರಡನ್ನೂ ಸೇರಿಸಿಯೋ ವಿಧಿಸಬಹುದೆಂದು ಹೇಳುತ್ತದೆ. 1892ಕ್ಕಿಂತ ಹಿಂದಿನ ದಾಖಲೆಗಳನ್ನಂತೂ, ಬಳಸಲಾಗದಷ್ಟು ಹಾಳಾಗಿವೆ ಎಂದು ಪತ್ರಾಗಾರದ ಮುಖ್ಯಸ್ಥರಿಗೆ ಕಂಡ ಹೊರತು, ನಾಶಪಡಿಸುವಂತೆಯೇ ಇಲ್ಲ. ನಮ್ಮ ರಾಜ್ಯಕ್ಕೂ 2010ರ ಕರ್ನಾಟಕ ರಾಜ್ಯ ಸಾರ್ವಜನಿಕ ದಾಖಲೆಗಳ ಅಧಿನಿಯಮವಿದೆ. ಕಚೇರಿಯ ಗೋಡೆಯ ಮೇಲೆ ಸಕಾಲದ ಫಲಕ ನೋಡಿದ್ದೇನೆ, ಮಾಹಿತಿ ಹಕ್ಕಿನ ಫಲಕ ನೋಡಿದ್ದೇನೆ. ಈ ಅಧಿನಿಯಮದ ಪ್ರತಿಯನ್ನು ಮೇಜಿನ ಮೇಲಿಟ್ಟುಕೊಂಡ ಅಧಿಕಾರಿಯನ್ನು ನನ್ನ ಸೇವಾವಧಿಯಲ್ಲಿ ನಾನು ನೋಡಲಿಲ್ಲ.

2005ರ ಮಾಹಿತಿ ಹಕ್ಕು ಅಧಿನಿಯಮವನ್ನು ನಾವು ಅರ್ಜಿ ಹಾಕುವ ಕಾನೂನು ಎಂದಷ್ಟೇ ಬಲ್ಲೆವು. ಅದರ 4ನೇ ಪ್ರಕರಣದ ಮೊಟ್ಟಮೊದಲ ಮಾತೇ ದಾಖಲೆಗಳ ಕುರಿತದ್ದು. ಪ್ರತಿ ಸಾರ್ವಜನಿಕ ಪ್ರಾಧಿಕಾರವೂ ತನ್ನೆಲ್ಲ ದಾಖಲೆಗಳನ್ನು ಪಟ್ಟಿ ಮಾಡಿ, ಸೂಚಿ ಸಿದ್ಧಪಡಿಸಿ, ಮಾಹಿತಿ ಪಡೆಯಲು ಅನುಕೂಲವಾಗುವಂತೆ ಇಟ್ಟುಕೊಳ್ಳತಕ್ಕದ್ದು ಎಂದು ಅದು ವಿಧಿಸುತ್ತದೆ. ಅರ್ಜಿಗೆ 30 ದಿನಗಳಲ್ಲಿ ಉತ್ತರ ಕೊಡಬೇಕೆಂಬ ನಿಯಮದ ಅಡಿಪಾಯ ಇದೇ. ಸೂಚಿಯಿಲ್ಲದ ಕೋಣೆಯಲ್ಲಿ 30 ದಿನವಲ್ಲ, 300 ದಿನ ಕೊಟ್ಟರೂ ಸಾಲದು ಎಂಬುದಕ್ಕೆ ಹೊಸಹಳ್ಳಿಯ ಕಡತವೇ ಸಾಕ್ಷಿ. ಕಡತ ಸಿಗುತ್ತಿಲ್ಲ ಎಂಬುದು ಮಾಹಿತಿ ನಿರಾಕರಿಸಲು ಕಾನೂನು ಒಪ್ಪಿದ ಕಾರಣವಲ್ಲ. ಹಾಗಾದಾಗ ಕೂಲಂಕಷ ಹುಡುಕಾಟ ನಡೆಸಿ, ಅಗತ್ಯವಿದ್ದರೆ ವಿಚಾರಣೆ ಮಾಡಿ ಹೊಣೆ ಗೊತ್ತುಪಡಿಸಬೇಕೆಂದು ದೆಹಲಿ ಉಚ್ಚ ನ್ಯಾಯಾಲಯವೂ 2013ರಲ್ಲಿ ಹೇಳಿದೆ. ಇದರ ಜೊತೆಗೆ ರೈತರಿಗೆ ನೇರವಾಗಿ ತಟ್ಟುವ ಇನ್ನೊಂದು ಸಂಗತಿ ಇದೆ. 30 ವರ್ಷ ದಾಟಿದ ದಸ್ತಾವೇಜು ಯುಕ್ತ ಅಭಿರಕ್ಷೆಯಿಂದ, ಅಂದರೆ ಅದು ಇರಬೇಕಾದವರ ವಶದಿಂದ, ಬಂದಿದ್ದರೆ, ಅದರ ಸಹಿ ಮತ್ತು ಬರಹ ನೈಜವೆಂದು ನ್ಯಾಯಾಲಯ ಭಾವಿಸಬಹುದು ಎಂಬುದು ಸಾಕ್ಷ್ಯದ ಕಾನೂನಿನಲ್ಲಿ ಬಹುಕಾಲದಿಂದ ಇರುವ ನಿಯಮ. ಸಹಿ ಮಾಡಿದವರು, ಸಾಕ್ಷಿ ಹಾಕಿದವರು ಯಾರೂ ಬದುಕಿಲ್ಲದಿರುವಾಗ ಬಡವರ ಕೈಹಿಡಿಯುವುದು ಈ ನಿಯಮವೇ. ಕಡತ ಯಾರ ಕೈಗೆ ಹೋಯಿತು, ಎಂದು ಮರಳಿತು ಎಂಬುದಕ್ಕೆ ಚಲನವಲನ ವಹಿಯೇ ಇಲ್ಲದ ಕಚೇರಿಯ ಕಾಗದಕ್ಕೆ ಯುಕ್ತ ಅಭಿರಕ್ಷೆ ಎಂಬ ಮಾತು ಎಷ್ಟರಮಟ್ಟಿಗೆ ಸಲ್ಲುತ್ತದೆ ಎಂದು ಎದುರು ವಕೀಲರು ಕೇಳಿದರೆ ನಮ್ಮ ಬಳಿ ಉತ್ತರವಿರುವುದಿಲ್ಲ. ಕಡತ ಹೊರಗೆ ಕೊಡುವಾಗ ಬೇಡಿಕೆ ಚೀಟಿ ಪಡೆದು, ಅದೇ ಜಾಗದಲ್ಲಿ ಗುರುತಿನ ರಟ್ಟೊಂದನ್ನು ಇಡುವುದಕ್ಕೆ ಎರಡು ನಿಮಿಷ ಬೇಕು. ನಾನು ಈ ಪದ್ಧತಿ ಜಾರಿಗೆ ತಂದ ಮೊದಲ ತಿಂಗಳು ಎಲ್ಲರೂ ಬೇಸರಿಸಿಕೊಂಡರು, ಆಮೇಲೆ ಅವರೇ ರಟ್ಟು ಎಲ್ಲಿ ಎಂದು ಕೇಳತೊಡಗಿದರು.

ಕಾಗದವನ್ನು ಕಾಪಾಡುವ ಕೆಲಸದಲ್ಲಂತೂ ಒಳ್ಳೆಯ ಉದ್ದೇಶದಿಂದಲೇ ಎಷ್ಟೋ ಹಾನಿ ಮಾಡಿದ್ದೇವೆ. ಹರಿದ ಹಾಳೆಗೆ ಸೆಲ್ಲೊಟೇಪ್ ಅಂಟಿಸಿದರೆ ಕೆಲವೇ ವರ್ಷಗಳಲ್ಲಿ ಅದರ ಅಂಟು ಹಳದಿಗಟ್ಟಿ ಅಕ್ಷರವನ್ನೇ ನುಂಗುತ್ತದೆ. ಗುಂಡುಪಿನ್ನು ತುಕ್ಕು ಹಿಡಿದು ಸುತ್ತಲಿನ ಕಾಗದವನ್ನು ತಿನ್ನುತ್ತದೆ. ಹಳೆಯ ಪತ್ರಕ್ಕೆ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿದರೆ ಅದನ್ನು ಮತ್ತೆ ಬಿಡಿಸಿ ದುರಸ್ತಿ ಮಾಡುವ ದಾರಿಯೇ ಮುಚ್ಚುತ್ತದೆ. ಮನೆಯಲ್ಲಿ ಕ್ರಯಪತ್ರ ಇಟ್ಟುಕೊಂಡ ಓದುಗರೂ ಇದನ್ನು ಗಮನಿಸಬೇಕೆಂದು ಕೋರುತ್ತೇನೆ. ತೆಳುವಾದ ಟಿಶ್ಯೂ ಕಾಗದವನ್ನು ಪಿಷ್ಟದ ಅಂಟಿನಿಂದ ಹಚ್ಚುವುದು ಸರಿಯಾದ ದುರಸ್ತಿ, ಬೇಕೆಂದಾಗ ಅದನ್ನು ನೀರಿನಿಂದ ಬಿಡಿಸಬಹುದು. ದಾಖಲೆ ಇಡುವ ಕೋಣೆಯಲ್ಲಿ ಉಷ್ಣಾಂಶ 22ರಿಂದ 25 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ 45ರಿಂದ 55ರಷ್ಟು ಇರಬೇಕೆಂದು ರಾಷ್ಟ್ರೀಯ ಪತ್ರಾಗಾರ ಹೇಳುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ತಾಲ್ಲೂಕು ಕಚೇರಿಯೊಂದು ಇದನ್ನು ಸಾಧಿಸುವುದು ಸುಲಭವಲ್ಲ ಎಂಬುದು ನನಗೂ ಗೊತ್ತು. ಆದರೆ ಗಂಟುಗಳನ್ನು ನೆಲದಿಂದ ಒಂದು ಗೇಣು ಮೇಲೆ, ಗೋಡೆಯಿಂದ ಸ್ವಲ್ಪ ಈಚೆಗೆ ಇಡಲು, ಸೋರುವ ಮಾಡನ್ನು ಮಳೆಗೆ ಮೊದಲೇ ನೋಡಿಕೊಳ್ಳಲು ಹವಾನಿಯಂತ್ರಣ ಯಂತ್ರ ಬೇಕಿಲ್ಲ.

ಈ ವಿದ್ಯೆ ನಮಗೆ ಪರಕೀಯವೂ ಅಲ್ಲ. ಇಂದು ಫೈಲಿಗೆ ನಾವು ಬಳಸುವ ‘ಕಡತ’ ಎಂಬ ಪದವೇ ಬಟ್ಟೆಗೆ ಹುಣಸೆ ಬೀಜದ ಸರಿ ಮತ್ತು ಇದ್ದಿಲಿನ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದ ಲೆಕ್ಕದ ಪುಸ್ತಕದ ಹೆಸರು. ಶ್ಯಾನುಭೋಗರ ಮನೆಗಳಲ್ಲಿ, ಮಠಗಳಲ್ಲಿ ಅವು ತಲೆಮಾರುಗಟ್ಟಲೆ ಉಳಿದವು. ಶೃಂಗೇರಿ ಮಠದಲ್ಲಿ ಕಾಗದಪತ್ರಗಳನ್ನು ಜೋಪಾನ ಮಾಡಿದ್ದರಿಂದಲೇ ಮೈಸೂರಿನ ಪ್ರಾಕ್ತನ ಇಲಾಖೆಯ ನಿರ್ದೇಶಕರಾಗಿದ್ದ ಆರ್. ನರಸಿಂಹಾಚಾರ್ಯರಿಗೆ 1916ರಲ್ಲಿ ಟಿಪ್ಪು ಸುಲ್ತಾನ್ ಅಲ್ಲಿನ ಸ್ವಾಮಿಗಳಿಗೆ ಬರೆದ ಕನ್ನಡ ಪತ್ರಗಳು ಸಿಕ್ಕಿದವು. ನೂರಿಪ್ಪತ್ತು ವರ್ಷಕ್ಕೂ ಹಿಂದಿನ ಪತ್ರಗಳು ಅಂದು ಮಠದಲ್ಲಿ ಕೈಗೆ ಸಿಕ್ಕಿವೆ. ನಲವತ್ತು ವರ್ಷದ ಹಿಂದಿನ ಮಂಜೂರಾತಿ ಕಡತ ನಮ್ಮ ಕಚೇರಿಯಲ್ಲಿ ಸಿಗುವುದಿಲ್ಲ.

ಇನ್ನು ಗಣಕೀಕರಣದ ವಿಷಯ. ಭೂಮಿ ಯೋಜನೆಯಲ್ಲಿ ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿಯಷ್ಟು ಪಹಣಿಗಳನ್ನು ಗಣಕೀಕರಿಸಿದ್ದು ದೇಶವೇ ಮೆಚ್ಚಿದ ಕೆಲಸ. ಆದರೆ ಅಂದು ಕಂಪ್ಯೂಟರಿಗೆ ಹೋದದ್ದು ಪಹಣಿಯ ನಮೂದುಗಳು, ಆ ನಮೂದುಗಳಿಗೆ ಆಧಾರವಾದ ಕಡತಗಳು ಗಂಟಿನಲ್ಲೇ ಉಳಿದವು. ಪಹಣಿಯಲ್ಲಿ ಹೆಸರೋ ವಿಸ್ತೀರ್ಣವೋ ತಪ್ಪಿದ್ದರೆ ಇಂದಿಗೂ ನಾವು ಓಡುವುದು ಆ ಗಂಟುಗಳ ಬಳಿಗೇ. ಈಗ ಅವನ್ನೂ ಸ್ಕ್ಯಾನ್ ಮಾಡುವಾಗ ಪ್ರತಿ ಕಡತಕ್ಕೂ ಹೋಬಳಿ, ಗ್ರಾಮದ ಸಂಕೇತ, ಸರ್ವೆ ನಂಬರು, ವರ್ಷ, ವರ್ಗ ಇವನ್ನು ಓದಿ ನಮೂದಿಸುವವರು ಯಾರು? ದಿನಕ್ಕೆ ಇಷ್ಟು ಪುಟ ಎಂಬ ಲೆಕ್ಕದಲ್ಲಿ ದುಡಿಯುವ ಎಳೆಯ ಹುಡುಗ ಹುಡುಗಿಯರಿಗೆ ಆಕಾರಬಂದಿಗೂ (ಸರ್ವೆ ನಂಬರುವಾರು ವಿಸ್ತೀರ್ಣ, ಕಂದಾಯದ ಪಟ್ಟಿ) ಮೂಲ ಟಿಪ್ಪಣಿಗೂ (ಮೊದಲ ಅಳತೆಯ ದಾಖಲೆ) ಇರುವ ವ್ಯತ್ಯಾಸವನ್ನು ಯಾರು ಹೇಳಿಕೊಟ್ಟಿದ್ದಾರೆ? ಉತ್ತರ ಕರ್ನಾಟಕದ ಕೆಲವು ಹಳೆಯ ದಾಖಲೆಗಳು ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯಲ್ಲಿವೆ. ಅದನ್ನು ಓದಬಲ್ಲವರು ಬೆರಳೆಣಿಕೆಯಷ್ಟು. ಅನುಕ್ರಮಣಿಕೆಯಲ್ಲಿ ತಪ್ಪಾಗಿ ಸೇರಿದ ಚಿತ್ರ ಗಂಟಿನಲ್ಲಿ ತಪ್ಪಾಗಿ ಸೇರಿದ ಕಡತಕ್ಕಿಂತ ಕಷ್ಟದ್ದು, ಏಕೆಂದರೆ ಬೇರೊಂದನ್ನು ಹುಡುಕುವಾಗ ಅದು ಆಕಸ್ಮಿಕವಾಗಿ ಕೈಗೆ ತಾಗುವುದಿಲ್ಲ.

ಇ-ಕಚೇರಿ ಬಂದ ಮೇಲೆ ಹೊಸದೊಂದು ತೊಂದರೆಯೂ ಹುಟ್ಟಿದೆ. ಅನೇಕ ಸೂಚನೆಗಳು ಈಗ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರುತ್ತವೆ, ಅಲ್ಲಿಯೇ ವರದಿ ಹೋಗುತ್ತದೆ, ಅಲ್ಲಿಯೇ ‘ಆಗಲಿ’ ಎಂಬ ಒಪ್ಪಿಗೆಯೂ ಸಿಗುತ್ತದೆ. ಅಧಿಕಾರಿ ವರ್ಗವಾದಾಗ, ಮೊಬೈಲ್ ಬದಲಾದಾಗ ಆ ಆದೇಶ ಎಲ್ಲಿರುತ್ತದೆ? 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ 7ನೇ ಪ್ರಕರಣವು ವಿದ್ಯುನ್ಮಾನ ದಾಖಲೆಯನ್ನು ಮುಂದೆಯೂ ತೆರೆದು ನೋಡಲು ಆಗುವಂತೆ, ಅದು ಎಲ್ಲಿಂದ ಎಲ್ಲಿಗೆ ಯಾವ ದಿನ ಯಾವ ಹೊತ್ತಿಗೆ ಹೋಯಿತೆಂಬ ವಿವರದೊಂದಿಗೆ ಉಳಿಸಬೇಕೆನ್ನುತ್ತದೆ. ಅಂಥ ಸಂದೇಶವನ್ನು ಅಂದೇ ಕಡತಕ್ಕೆ ಸೇರಿಸಿ ಟಿಪ್ಪಣಿ ಬರೆಯುವ ಅಭ್ಯಾಸವನ್ನು ಹೊಸ ನೌಕರರಿಗೆ ಮೊದಲ ವಾರದಲ್ಲೇ ಮಾಡಿಸಬೇಕು. ಖಾಸಗಿ ಕಚೇರಿಗಳೂ ಇದರಿಂದ ಹೊರತಲ್ಲ. ಕಂಪನಿಗಳು ಲೆಕ್ಕದ ಪುಸ್ತಕಗಳನ್ನು 8 ಹಣಕಾಸು ವರ್ಷ ಇಟ್ಟುಕೊಳ್ಳಬೇಕೆಂದು 2013ರ ಕಂಪನಿಗಳ ಅಧಿನಿಯಮ ಹೇಳಿದರೆ, ಉದ್ದೇಶ ಮುಗಿದ ಮೇಲೆ ಜನರ ವೈಯಕ್ತಿಕ ಮಾಹಿತಿಯನ್ನು ಅಳಿಸಬೇಕೆಂದು 2023ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾನೂನು ಹೇಳುತ್ತದೆ. ಯಾವುದನ್ನು ಎಷ್ಟು ಕಾಲ ಇಡಬೇಕು, ಯಾವುದನ್ನು ಎಂದು ಅಳಿಸಬೇಕು ಎಂದು ಬಲ್ಲವರು ಅಲ್ಲಿಯೂ ಬೇಕು.

ಆದ್ದರಿಂದ ಸರ್ಕಾರದಲ್ಲಿ ನನ್ನ ಕೋರಿಕೆ ಇಷ್ಟು. ಮೈಸೂರಿನ ಆಡಳಿತ ತರಬೇತಿ ಸಂಸ್ಥೆಯಲ್ಲೂ ಜಿಲ್ಲಾ ತರಬೇತಿ ಸಂಸ್ಥೆಗಳಲ್ಲೂ ನಡೆಯುವ ಬುನಾದಿ ತರಬೇತಿಯಲ್ಲಿ ದಾಖಲೆ ನಿರ್ವಹಣೆಗೆ ಕನಿಷ್ಠ ಒಂದು ವಾರ ಮೀಸಲಿಡಬೇಕು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲ ಅಭಿಲೇಖಾಲಯದಲ್ಲೇ ಕಳೆಯುವಂತಿರಬೇಕು. ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರ ಇಲಾಖೆಯ ಅನುಭವಿಗಳನ್ನು ಇದಕ್ಕೆ ಬಳಸಿಕೊಳ್ಳಬೇಕು. ಸರ್ಕಾರಿ ನೌಕರರು ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಪಾಸಾಗಬೇಕೆಂದು 2012ರಲ್ಲಿ ನಿಯಮ ಮಾಡಿದಂತೆ, ಕಡತ ನಿರ್ವಹಣೆಯಲ್ಲೂ ಒಂದು ಪ್ರಾಯೋಗಿಕ ಪರೀಕ್ಷೆ ಇರಲಿ: ಕಲಸಿಹೋದ ಒಂದು ಗಂಟನ್ನು ಮುಂದಿಟ್ಟು, ಅದನ್ನು ವಿಂಗಡಿಸಿ, ವರ್ಗ ಬರೆದು, ಸೂಚಿ ಸಿದ್ಧಪಡಿಸಲು ಹೇಳಿದರೆ ಸಾಕು. ತರಬೇತಿ ಪಡೆದ ಅಭಿಲೇಖ ಪಾಲಕರನ್ನು ಕನಿಷ್ಠ ಮೂರು ವರ್ಷ ಅಲ್ಲಿಂದ ಕದಲಿಸಬಾರದು, ಆ ಹುದ್ದೆಗೆ ಪ್ರತ್ಯೇಕ ಭತ್ಯೆ ಕೊಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕಡತಗಳ ಪಟ್ಟಿಗೆ ಪ್ರಭಾರ ಕೊಡುವವರು, ವಹಿಸಿಕೊಳ್ಳುವವರು ಇಬ್ಬರ ಸಹಿಯೂ ಬೀಳದೆ ಯಾವ ವಿಷಯ ನಿರ್ವಾಹಕರನ್ನೂ ವರ್ಗಾವಣೆಯ ಮೇಲೆ ಬಿಡುಗಡೆ ಮಾಡಬಾರದು.

ತರಬೇತಿ ಕೊಡಲು ಜನವಿಲ್ಲ ಎಂಬ ಉತ್ತರ ಬರಬಹುದು. ನನ್ನಂತೆ ಅಭಿಲೇಖಾಲಯದಲ್ಲಿ ಕೈ ಪಳಗಿಸಿಕೊಂಡು ನಿವೃತ್ತರಾದವರು ಪ್ರತಿ ಜಿಲ್ಲೆಯಲ್ಲೂ ಇದ್ದಾರೆ. ನಾನು ಮತ್ತು ನನ್ನ ಮೂವರು ಹಳೆಯ ಸಹೋದ್ಯೋಗಿಗಳು ವಾರಕ್ಕೆ ಎರಡು ದಿನ, ಸಂಭಾವನೆ ಪಡೆಯದೆ, ನಮ್ಮ ಜಿಲ್ಲಾ ತರಬೇತಿ ಸಂಸ್ಥೆಗೆ ಬಂದು ಹೇಳಿಕೊಡಲು ಸಿದ್ಧರಿದ್ದೇವೆ. ಈ ಬಗ್ಗೆ ಲಿಖಿತ ಮನವಿಯನ್ನೂ ಸಲ್ಲಿಸುತ್ತಿದ್ದೇವೆ. ಅದರ ಒಂದು ಪ್ರತಿಯನ್ನು, ಪುಟ ಸಂಖ್ಯೆ ಹಾಕಿ, ಈ ಪತ್ರದೊಂದಿಗೆ ಲಗತ್ತಿಸಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಶಿರಸ್ತೇದಾರ್, ಮೈಸೂರು